ಕಿವಿಗೆ ಯಾವುದು ಹಗುರ: ಸ್ಕ್ರೀನ್ ರೀಡರ್ ಆರಿಸುವವರಿಗೂ ವೆಬ್‌ಸೈಟ್ ಕಟ್ಟುವವರಿಗೂ

ಶಿರಸಿ ಪೇಟೆಯ ಅಡಿಕೆ ಧಾರಣೆ ನನ್ನ ಫೋನಿಗೆ ಮೂರು ಕಡೆಯಿಂದ ಬರುತ್ತದೆ. ಒಂದು ಗುಂಪಿನವರು ದರದ ಹಲಗೆಯ ಫೋಟೊ ಹೊಡೆದು ಹಾಕುತ್ತಾರೆ. ಇನ್ನೊಂದು ಗುಂಪಿನವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಳಿಸುತ್ತಾರೆ. ಮೂರನೆಯದು ನೆಂಟರ ಹುಡುಗನದು. ಅವನೊಬ್ಬ ಸೋಮಾರಿ. ಬಸ್ಸಿನಲ್ಲಿ ಕೂತು ‘ಚಾಲಿ ಇಷ್ಟು, ರಾಶಿ ಇಷ್ಟು, ಬೆಟ್ಟೆ ಇಷ್ಟು’ ಎಂದು ಮೂರು ಸಾಲು ಕುಟ್ಟಿ ಬಿಸಾಕುತ್ತಾನೆ. ನನಗೆ ಕಣ್ಣು ಕಾಣುವುದಿಲ್ಲ. ಫೋಟೊ ಬಂದಾಗ ಫೋನು ‘ಫೋಟೊ’ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಪಿಡಿಎಫ್ ತೆರೆದರೆ ಪೌಂಡ್ ಚಿಹ್ನೆ, ಜರ್ಮನ್ ಅಕ್ಷರ ಎಲ್ಲ ಸೇರಿ ಸಂತೆಯ ಗದ್ದಲ. ಸೋಮಾರಿಯ ಮೂರು ಸಾಲು ಮಾತ್ರ ಐದು ಸೆಕೆಂಡಿನಲ್ಲಿ ಕಿವಿಗೆ ಬಿದ್ದು ಕೆಲಸ ಆಗುತ್ತದೆ.

ಸುದ್ದಿ ಒಂದೇ, ಬಂದ ರೂಪ ಬೇರೆ. ಈ ಬರಹವೂ ಅಷ್ಟೆ: ಒಂದೇ ಕೆಲಸಕ್ಕೆ ಇರುವ ಬೇರೆ ಬೇರೆ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬ ಲೆಕ್ಕ. ಅರ್ಧ ಭಾಗ, ಕಣ್ಣು ಮಂದವಾದ ಮೇಲೆ ಕಂಪ್ಯೂಟರಿಗೆ ಯಾವ ಸ್ಕ್ರೀನ್ ರೀಡರ್ (ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್) ಹಾಕಿಕೊಳ್ಳಲಿ ಎಂದು ಕೇಳುವವರಿಗೆ. ಇನ್ನರ್ಧ, ಸೊಸೈಟಿಗೋ ಹೋಂಸ್ಟೇಗೋ ಶಾಲೆಗೋ ವೆಬ್‌ಸೈಟ್ ಮಾಡಿಕೊಡುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ. ನಾನು ಹುಟ್ಟಿದ್ದು ಅಂಕೋಲೆಯ ಕಡೆ, ಹೊಟ್ಟೆಪಾಡು ಶಿರಸಿಯಲ್ಲಿ, ಲೆಕ್ಕಪತ್ರದ ಕೆಲಸ. ದೃಷ್ಟಿ ಹೋಗಿದ್ದು ಒಮ್ಮೆಲೇ ಅಲ್ಲ. ಮೊದಲು ಇರುಳು ಹೋಯಿತು, ಆಮೇಲೆ ಅಂಚುಗಳು, ಆಮೇಲೆ ಅಕ್ಷರ.

ತೂಗುವ ಕಲ್ಲು ಒಂದೇ ಇಟ್ಟುಕೊಂಡಿದ್ದೇನೆ: ಕಿವಿಯ ಸಮಯ. ಕಣ್ಣು ಇಡೀ ಹಲಗೆಯನ್ನು ಒಟ್ಟಿಗೆ ಹಿಡಿದು ಬೇಕಾದ ಸಾಲಿಗೆ ಹಾರುತ್ತದೆ. ಕಿವಿಗೆ ಒಂದಾದ ಮೇಲೊಂದು. ತಾಳಮದ್ದಳೆಯಲ್ಲಿ ಅರ್ಥಧಾರಿ ಪೀಠಿಕೆ ಎಳೆದರೆ ಕಥೆ ಎಲ್ಲಿಗೆ ಬಂತು ಎಂದು ತಿಳಿಯಲು ಕಾಯಲೇಬೇಕಲ್ಲ, ಹಾಗೆ. ಯಾವ ದಾರಿ ಕಿವಿಯನ್ನು ಕಡಿಮೆ ಕಾಯಿಸುತ್ತದೋ ಅದು ಒಳ್ಳೆಯ ದಾರಿ.

ಸಾಫ್ಟ್‌ವೇರಿಗಿಂತ ಮೊದಲು ಧ್ವನಿ

‘ಯಾವ ಸ್ಕ್ರೀನ್ ರೀಡರ್ ಒಳ್ಳೆಯದು?’ ಎಂದೇ ಎಲ್ಲರೂ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಸ್ಕ್ರೀನ್ ರೀಡರ್‌ನಲ್ಲಿ ಎರಡು ತುಂಡುಗಳಿವೆ. ಪರದೆಯ ಮೇಲೆ ಏನಿದೆ, ಅದು ಗುಂಡಿಯೋ ಕೊಂಡಿಯೋ ತುಂಬುವ ಜಾಗವೋ ಎಂದು ಪತ್ತೆ ಹಚ್ಚುವುದು ಒಂದು. ಅದನ್ನು ಉಚ್ಚರಿಸುವ ಧ್ವನಿ ಇನ್ನೊಂದು. ದಿನಕ್ಕೆ ಎಂಟು ತಾಸು ಕಿವಿಯೊಳಗೆ ಕೂರುವುದು ಈ ಎರಡನೆಯದು. ಕನ್ನಡ ಬಾರದ ಧ್ವನಿ ಇಟ್ಟುಕೊಂಡರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಇದ್ದರೂ ಅಷ್ಟೆ. ಕೆಲವು ಧ್ವನಿಗಳು ಕನ್ನಡ ಸಾಲು ಬಂದರೆ ಅಲ್ಲೇನೂ ಇಲ್ಲವೇನೋ ಎಂಬಂತೆ ಸುಮ್ಮನೆ ದಾಟಿಕೊಂಡು ಹೋಗುತ್ತವೆ. ಇಲ್ಲದ್ದನ್ನು ಓದದಿರುವುದಕ್ಕೂ ಇದ್ದದ್ದನ್ನು ನುಂಗುವುದಕ್ಕೂ ಕೇಳುವವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕನ್ನಡಕ್ಕೆ ಕೈಗೆಟುಕುವಂತೆ ಇರುವ ಧ್ವನಿಗಳು ಎರಡು ಜಾತಿಯವು. ಮೊದಲನೆಯದು ಇ-ಸ್ಪೀಕ್ ಎನ್‌ಜಿ. ಉಚಿತ, ಮುಕ್ತ ತಂತ್ರಾಂಶ. ಇದರಲ್ಲಿ ಯಾರ ಮಾತನ್ನೂ ಮುದ್ರಿಸಿಕೊಂಡು ಅಂಟಿಸಿಲ್ಲ. ಬಾಯಿ ಗಂಟಲುಗಳಲ್ಲಿ ನಾದ ಹೇಗೆ ಮೊಳಗುತ್ತದೆ ಎಂಬುದನ್ನು ಬಹುಮಟ್ಟಿಗೆ ಲೆಕ್ಕದಿಂದಲೇ ಹುಟ್ಟಿಸುತ್ತದೆ. ಹಾಗಾಗಿ ಗಾತ್ರ ಚಿಕ್ಕದು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಕೀಲಿ ಒತ್ತಿದ ಕ್ಷಣ ಮಾತಾಡುತ್ತದೆ. ಆದರೆ ಕೇಳಲು ಹಿತವಿಲ್ಲ. ನಮ್ಮ ಮನೆಯಾಕೆ ಮೊದಲ ದಿನ ಕೇಳಿ, ‘ಎಣ್ಣೆ ಡಬ್ಬದೊಳಗೆ ಯಾರನ್ನೋ ಕೂರಿಸಿದಂತಿದೆ’ ಎಂದಿದ್ದಳು.

ಎರಡನೆಯ ಜಾತಿ ಮನುಷ್ಯರ ದನಿಯಿಂದ ಕಟ್ಟಿದ್ದು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಕನ್ನಡ ಧ್ವನಿ ಇದೆ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಓದುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ಸಿಗ್ನಲ್ ಸತ್ತರೂ ಕಥೆ ನಿಲ್ಲುವುದಿಲ್ಲ. ಐಫೋನಿಗೂ ಈಚಿನ ವರ್ಷಗಳಲ್ಲಿ ಕನ್ನಡ ಧ್ವನಿ ಬಂದಿದೆ. ಇಂಥವನ್ನು ಕೇಳುತ್ತ ನಿದ್ದೆ ಹೋಗಬಹುದು, ಅಷ್ಟು ಹಿತ. ತೊಂದರೆ ಶುರುವಾಗುವುದು ವೇಗ ಹೆಚ್ಚಿಸಿದಾಗ. ಸಹಜ ಧ್ವನಿಯನ್ನು ಎರಡು ಮೂರು ಪಟ್ಟು ಓಡಿಸಿದರೆ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ‘ಪತ್ನಿ’ ಯಾವುದು ‘ಪತ್ತಿ’ ಯಾವುದು ತಿಳಿಯುವುದಿಲ್ಲ. ಡಬ್ಬದ ದನಿ ಅದೇ ವೇಗದಲ್ಲೂ ಹಲ್ಲು ಕಚ್ಚಿ ಒಂದೊಂದೇ ಅಕ್ಷರ ಉದುರಿಸುತ್ತದೆ.

ಆರಿಸುವುದು ಹೇಗೆ? ಕಥೆ, ಪತ್ರಿಕೆ, ದೂರದ ಮಗಳ ದೊಡ್ಡ ಮೆಸೇಜು ಓದುವವರಾದರೆ ಸಹಜ ಧ್ವನಿ. ಲೆಕ್ಕದ ಹಾಳೆ, ಕೋಡು, ದಿನಕ್ಕೆ ನೂರು ಮೇಲ್ ನೋಡುವವರಾದರೆ ಇ-ಸ್ಪೀಕ್. ನನ್ನ ಹತ್ತಿರ ಎರಡೂ ಇವೆ: ಕಂಪ್ಯೂಟರಿನಲ್ಲಿ ಡಬ್ಬ, ಫೋನಿನಲ್ಲಿ ಹೆಂಗಸು. ಮೊದಲ ಎರಡು ವಾರ ಇ-ಸ್ಪೀಕ್ ಬೇಡವೆನಿಸುತ್ತದೆ. ಮೂರನೆಯ ವಾರ ಅದರ ದನಿಯೇ ಕೇಳಿಸುವುದಿಲ್ಲ, ಬರಿಯ ಅರ್ಥ ಕೇಳಿಸುತ್ತದೆ. ಆ ಮೂರನೆಯ ವಾರದ ತನಕ ತಾಳ್ಮೆ ಇದ್ದವರು ಗೆದ್ದರು.

ಕಾರವಾರದವರಿಗೆ ಒಂದು ಉಪಕಥೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಮೆಸೇಜನ್ನು ಕನ್ನಡ ಧ್ವನಿ ಕನ್ನಡವೆಂದೇ ತಿಳಿದು ಓದುತ್ತದೆ. ಮೂಗುಸ್ವರಗಳೆಲ್ಲ ಹೋಗಿ, ಬೆಳಗಾವಿಯಿಂದ ಮೊನ್ನೆ ಬಂದ ಅಧಿಕಾರಿ ಕೊಂಕಣಿ ಪ್ರಯತ್ನಿಸಿದಂತೆ ಕೇಳುತ್ತದೆ. ಅರ್ಥಕ್ಕೆ ಮೋಸವಿಲ್ಲ, ನಗು ಉಚಿತ.

ಕಂಪ್ಯೂಟರಿಗೆ: ಎನ್‌ವಿಡಿಎ, ಜಾಸ್, ಉಳಿದವು

ವಿಂಡೋಸ್‌ನಲ್ಲಿ ನಿಜವಾದ ಆಯ್ಕೆ ಎರಡರ ನಡುವೆ. ಜಾಸ್ ಹಳೆಯ ಹುಲಿ. 1989ರಲ್ಲಿ, ವಿಂಡೋಸ್‌ಗಿಂತ ಹಿಂದಿನ ಡಾಸ್‌ಗೆಂದು ಅಮೆರಿಕದಲ್ಲಿ ಟೆಡ್ ಹೆಂಟರ್ ಅವರ ಕಂಪನಿ ಹೊರತಂದದ್ದು, ವಿಂಡೋಸ್ ಆವೃತ್ತಿ 1995ರಲ್ಲಿ ಬಂತು. ಮೋಟಾರ್‌ಸೈಕಲ್ ಪಂದ್ಯದ ಓಟಗಾರನಾಗಿದ್ದ ಹೆಂಟರ್ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡವರು. ಎನ್‌ವಿಡಿಎ ಕಿರಿಯ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಬರೆಯಲು ಶುರುಮಾಡಿದರು, ಗೆಳೆಯ ಜೇಮ್ಸ್ ಟೆ ಜೊತೆಯಾದರು. ಇಬ್ಬರೂ ಅಂಧರು. ಕಾಣುವವನು ಕೊಡುವಷ್ಟೇ ಹಣಕ್ಕೆ ಕಾಣದವನಿಗೂ ಕಂಪ್ಯೂಟರ್ ಸಿಗಬೇಕು ಎಂಬುದು ಅವರ ಹಟ. ಹಾಗಾಗಿ ಬೆಲೆ ಸೊನ್ನೆ.

ಜಾಸ್‌ನ ಪೂರ್ತಿ ಪರವಾನಗಿ ಹತ್ತಾರು ಸಾವಿರ ರೂಪಾಯಿಯ ಮಾತು. ಪರವಾನಗಿ ಇಲ್ಲದೆ ಹಾಕಿಕೊಂಡರೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರನ್ನೇ ಮತ್ತೆ ಶುರು ಮಾಡಬೇಕು. ಕಲಿಯುತ್ತಿದ್ದ ಕಾಲದಲ್ಲಿ ನಾನು ಆ 40 ನಿಮಿಷಗಳನ್ನು ಪರೀಕ್ಷೆ ಬರೆಯುವವನಂತೆ ಎಣಿಸಿ ಬಳಸಿದ್ದಿದೆ. ಹಾಗಾದರೆ ಜಾಸ್ ಯಾರಿಗೆ? ಕಚೇರಿಯಲ್ಲಿ ಹಳೆಯ, ಅಡ್ಡಾದಿಡ್ಡಿ ಸಾಫ್ಟ್‌ವೇರ್ ಬಳಸಲೇಬೇಕಾದವರಿಗೆ. ಅಂಥವನ್ನು ಒಲಿಸಿಕೊಳ್ಳಲು ಜಾಸ್‌ಗೆ ಸ್ಕ್ರಿಪ್ಟ್ ಎಂಬ ಚಿಕ್ಕ ಆಜ್ಞೆಪಟ್ಟಿ ಬರೆಯುವ ದೊಡ್ಡ ಪರಂಪರೆಯೇ ಇದೆ. ನೌಕರಿ ಕೊಟ್ಟವರು ಹಣ ಕಟ್ಟುವುದಾದರೆ ಬೇಡ ಎನ್ನಬೇಡಿ. ಸ್ವಂತ ಜೇಬಿನಿಂದಾದರೆ ಸಾಲ ಮಾಡಿ ಕೊಳ್ಳುವಂಥದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎನ್‌ವಿಡಿಎಯ ನಿಜವಾದ ಸುಖ ಬೆಲೆಯಲ್ಲಿಲ್ಲ, ಪೆನ್‌ಡ್ರೈವ್‌ನಲ್ಲಿದೆ. ಇಡೀ ಸ್ಕ್ರೀನ್ ರೀಡರನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಜೇಬಿನಲ್ಲಿಟ್ಟುಕೊಳ್ಳಬಹುದು. ನೆಂಟರ ಮನೆಯ ಕಂಪ್ಯೂಟರು, ಸೈಬರ್ ಅಂಗಡಿ, ಎಲ್ಲಿ ಚುಚ್ಚಿದರೂ ನನ್ನದೇ ದನಿ, ನನ್ನದೇ ವೇಗ. ಒಂದು ಕಚೇರಿಯಲ್ಲಿ ‘ಹೊರಗಿನ ಪೆನ್‌ಡ್ರೈವ್ ಹಾಕುವಂತಿಲ್ಲ’ ಎಂದು ತಡೆದರು. ಅದೂ ಸರಿಯೇ. ಅಲ್ಲಿ ವಿಂಡೋಸ್‌ನೊಳಗೇ ಇರುವ ಸ್ಕ್ರೀನ್ ರೀಡರ್ ನರೇಟರ್ ಕೈಹಿಡಿಯಿತು. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಎದ್ದು ಕೂರುತ್ತದೆ, ಯಾರ ಅನುಮತಿಯೂ ಬೇಡ. ನರೇಟರ್ ಮೊದಲಿನಂತೆ ದಡ್ಡನಾಗಿ ಉಳಿದಿಲ್ಲ, ಆದರೂ ನನಗದು ಬಸ್ ತಪ್ಪಿದಾಗ ಹತ್ತುವ ಟೆಂಪೊ.

2025ರ ಮೊದಲ ಆವೃತ್ತಿಯಿಂದ ಎನ್‌ವಿಡಿಎಯೊಳಗೇ ದೂರದಿಂದ ನೆರವಾಗುವ ಸೌಲಭ್ಯ ಸೇರಿದೆ. ಇಬ್ಬರ ಬಳಿಯೂ ಎನ್‌ವಿಡಿಎ ಇದ್ದರೆ ಬೆಂಗಳೂರಿನ ಗೆಳೆಯ ಅಲ್ಲಿಂದಲೇ ನನ್ನ ಕಂಪ್ಯೂಟರಿನ ಮಾತು ಕೇಳುತ್ತ ಕೀಲಿ ಒತ್ತುತ್ತಾನೆ. ತಾಲೂಕಿಗೊಬ್ಬ ಬಲ್ಲವನೂ ಸಿಗದ ನಮ್ಮಂಥ ಕಡೆ ಇದಕ್ಕೆ ಬೆಲೆ ಕಟ್ಟಲಾಗದು. ಅಂದಹಾಗೆ, ಆಯ್ಕೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ ಇದೇ: ನಿಮಗೆ ಕಲಿಸಬಲ್ಲವರು ಏನು ಬಳಸುತ್ತಾರೆ? ಅದನ್ನೇ ಹಾಕಿಕೊಳ್ಳಿ. ಸಿಕ್ಕಿಹಾಕಿಕೊಂಡ ರಾತ್ರಿ ಫೋನ್ ಎತ್ತುವ ಒಬ್ಬ ಗೆಳೆಯ ನೂರು ಸೌಲಭ್ಯಗಳಿಗೆ ಸಮ.

ಲಿನಕ್ಸ್ ಬಳಸುವವರಿಗೆ ಒರ್ಕಾ ಇದೆ. ಉಚಿತ, ಇ-ಸ್ಪೀಕ್ ದನಿಯಲ್ಲೇ ಮಾತಾಡುತ್ತದೆ. ಹೊಸಬರಿಗೆ ನಾನು ಹೇಳುವುದಿಲ್ಲ. ಮ್ಯಾಕ್‌ನಲ್ಲಿ 2005ರಿಂದ ವಾಯ್ಸ್‌ಓವರ್ ಒಳಗೇ ಕೂತಿದೆ. ಮ್ಯಾಕ್ ಕೊಳ್ಳುವ ಯೋಗ ಇದ್ದವರು ಈ ಬರಹ ಓದುವ ಅಗತ್ಯವೂ ಇಲ್ಲ ಬಿಡಿ.

ಯಂತ್ರದ ಬಗ್ಗೆ ಎರಡು ಮಾತು. ಡೆಸ್ಕ್‌ಟಾಪ್ ಬೇಡ, ಲ್ಯಾಪ್‌ಟಾಪ್ ತಗೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಕಾಣುವವರಿಗೆ ಪರದೆ ಕಪ್ಪಾದದ್ದು ತಿಳಿಯುತ್ತದೆ. ನಮಗೆ ವಾಕ್ಯದ ಮಧ್ಯೆ ಮಾತು ನಿಂತು, ಕಂಪ್ಯೂಟರ್ ಯೋಚಿಸುತ್ತಿದೆಯೋ ಸತ್ತಿದೆಯೋ ಎಂದು ಕೂರುವುದೇ ಕೆಲಸ. ಜೊತೆಗೆ ನಂಬರ್ ಪ್ಯಾಡ್ ಇರುವ ಒಂದು ಯುಎಸ್‌ಬಿ ಕೀಲಿಮಣೆ. ಕರಾವಳಿಯ ಉಪ್ಪುಗಾಳಿಗೆ ಕೀಲಿಗಳು ಕಚ್ಚಿಕೊಳ್ಳುತ್ತವೆ. ಇನ್ಸರ್ಟ್ ಕೀಲಿ ಕೈಕೊಟ್ಟರೆ ಎನ್‌ವಿಡಿಎಯ ಅರ್ಧ ಆಜ್ಞೆಗಳು ಹೋದಂತೆ. ಕ್ಯಾಪ್ಸ್ ಲಾಕನ್ನು ಅದರ ಜಾಗಕ್ಕೆ ಕೂರಿಸಲು ಬರುತ್ತದೆ, ಮೊದಲ ದಿನವೇ ಕೂರಿಸಿಡಿ.

ಫೋನಿಗೆ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಐಫೋನಿನ ವಾಯ್ಸ್‌ಓವರ್ 2009ರಲ್ಲಿ ಬಂದಾಗ ನುಣ್ಣಗಿನ ಗಾಜನ್ನೂ ಬೆರಳಿನಿಂದ ಕೇಳಬಹುದು ಎಂದು ಜಗತ್ತಿಗೆ ತೋರಿಸಿತು. ಇವತ್ತಿಗೂ ಅದರ ಸನ್ನೆಗಳು ಹೆಚ್ಚು ನಯ. ಆದರೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಈಗ ಸಾಕಷ್ಟು ಹತ್ತಿರ ಬಂದಿದೆ, ಮತ್ತು ಅದು ಇರುವ ಫೋನು ಐಫೋನಿನ ಕಾಲು ಭಾಗದ ಬೆಲೆಗೂ ಸಿಗುತ್ತದೆ. ಬಹಳಷ್ಟು ಫೋನುಗಳಲ್ಲಿ ವಾಲ್ಯೂಮಿನ ಎರಡೂ ಗುಂಡಿ ಒಟ್ಟಿಗೆ ಮೂರು ಸೆಕೆಂಡು ಹಿಡಿದರೆ ಆನ್ ಆಗುತ್ತದೆ. ಅಂಗಡಿಯಲ್ಲೇ ಅದನ್ನು ಆನ್ ಮಾಡಿ ಬಲಕ್ಕೆ ಹತ್ತು ಸಲ ಬೆರಳು ಸವರಿ. ಸವರಿದ್ದಕ್ಕೂ ಮಾತು ಬಂದದ್ದಕ್ಕೂ ನಡುವೆ ಎಡವಿದಂತಾದರೆ ಆ ಫೋನನ್ನು ಅಲ್ಲೇ ಬಿಟ್ಟು ಬನ್ನಿ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಅಂಗಡಿಯವ ಹೇಳುತ್ತಲೇ ಇರುತ್ತಾನೆ, ಹೇಳಲಿ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆಪ್ ಸಾಕು. 2020ರ ಜನವರಿಯಿಂದ ಇದೆ, ಇಂಟರ್ನೆಟ್ ಬೇಡ.

ಈಗ ಕಟ್ಟುವವರ ಸರದಿ

ಮತ್ತೆ ಧಾರಣೆಯ ಹಲಗೆಗೆ ಬರೋಣ. ಸೊಸೈಟಿಯ ವೆಬ್‌ಸೈಟಿನಲ್ಲಿ ದರ ಹಾಕಬೇಕು. ಫೋಟೊ, ಕೋಷ್ಟಕ, ಸಾಲು ಬರಹ: ಮೂರರಲ್ಲಿ ಯಾವುದು?

ಫೋಟೊ ಬೇಡವೇ ಬೇಡ. ಫೋನಿಗೆ ಚಿತ್ರದಿಂದ ಅಕ್ಷರ ಓದುವ ವಿದ್ಯೆ ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ, ಕನ್ನಡದ್ದೂ ಬಂದಿದೆ. ಆದರೆ ನೆರಳು ಬಿದ್ದ ಹಲಗೆಯಲ್ಲಿ ಅದು ‘ಥ’ವನ್ನು ‘ಧ’ ಮಾಡುತ್ತದೆ, ಅಂಕಿಯ ನಡುವಿನ ಚುಕ್ಕಿ ನುಂಗುತ್ತದೆ. ಕಥೆಯಲ್ಲಾದರೆ ಸಹಿಸಬಹುದು, ಕ್ವಿಂಟಲ್ ದರದಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಎದೆ ಒಡೆಯುತ್ತದೆ.

ಕೋಷ್ಟಕ ಮತ್ತು ಸಾಲು ಬರಹದ ನಡುವೆ ನಾನು ಬಹಳ ದಿನ ತೂಗಾಡಿದ್ದೇನೆ. ಸರಿಯಾಗಿ ಕಟ್ಟಿದ ಕೋಷ್ಟಕ ಅಂಧರಿಗೆ ವರ. ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಎನ್‌ವಿಡಿಎ ಮನೆಯಿಂದ ಮನೆಗೆ ಹೋಗುತ್ತ ‘ಕೆಂಪುಗೋಟು, ಗರಿಷ್ಠ’ ಎಂದು ತಲೆಬರಹ ಹೇಳಿ ಆಮೇಲೆ ಅಂಕಿ ಹೇಳುತ್ತದೆ. ಆದರೆ ಈ ‘ಸರಿಯಾಗಿ’ ಎಂಬಲ್ಲೇ ಹುಳುಕು. ತಲೆಬರಹದ ಮನೆಗಳನ್ನು ತಲೆಬರಹ ಎಂದೇ ಗುರುತು ಮಾಡಬೇಕು. ಬರೀ ದಪ್ಪಕ್ಷರ ಮಾಡಿಬಿಟ್ಟರೆ ಕಣ್ಣಿಗೆ ತಲೆಬರಹ, ಕಿವಿಗೆ ಹೆಸರಿಲ್ಲದ ಅಂಕಿಗಳ ಮಳೆ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಆರೇಳು ಬಗೆ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ಇದ್ದಲ್ಲಿ ಕೋಷ್ಟಕವೇ ಸರಿ. ಮೂರೇ ದರವಿದ್ದರೆ ಸಾಲು ಬರಹ ಸಾಕು. ವಾಟ್ಸಾಪಿಗಂತೂ ಸಾಲು ಬರಹವೊಂದೇ.

ಅಕ್ಷರದ್ದು ಇನ್ನೊಂದು ರಾಮಾಯಣ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಇರುವುದು ಮೇಲ್ನೋಟಕ್ಕೆ ಮಾತ್ರ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಮೇಲೆ ಕನ್ನಡದ ಮುಖವಾಡ. ‘ಕನ್ನಡ’ ಎಂಬ ಪದವೇ ಒಳಗೆ ಪಿ, ಗೆರೆ ಹೊತ್ತ ಎ, ಪೌಂಡ್, ಮತ್ತೆ ಎ, ಜರ್ಮನ್ ಎಸ್, ಕ್ಯೂ, ಮತ್ತೆ ಎ. ಕಣ್ಣು ಮುಖವಾಡ ನೋಡುತ್ತದೆ, ಸ್ಕ್ರೀನ್ ರೀಡರ್ ಒಳಗಿನದನ್ನು ಓದುತ್ತದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಬರೆದರೆ ಈ ಪಾಡಿಲ್ಲ. ಇಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ, ಯೂನಿಕೋಡ್ ಅಷ್ಟೆ. ಹಳೆಯ ಕಡತ ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ.

ಯೂನಿಕೋಡ್‌ನಲ್ಲಿ ಬರೆದ ಮೇಲೂ ಒಂದು ಕಳ್ಳ ಉಳಿದಿರುತ್ತಾನೆ: ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ ‘ಬ೦ದ’ ಎಂದು ಬರೆಯುವವರು ಬೇಕಾದಷ್ಟಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಕಿವಿಗೆ ‘ಬ ಸೊನ್ನೆ ದ’. ಮದುವೆ ಕರೆಯೋಲೆಯೊಂದರಲ್ಲಿ ವರನ ಮನೆತನವನ್ನು ಸೊನ್ನೆ ಸಮೇತ ಕೇಳಿ ನಾನು ನಕ್ಕಿದ್ದೇನೆ. ಹುಡುಕಿದರೂ ಆ ಪದ ಸಿಗುವುದಿಲ್ಲ ಎಂಬುದು ಕಾಣುವವರಿಗೂ ಆಗುವ ನಷ್ಟ.

ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ಗುರುತು ಹಾಕುವುದು ಎರಡಕ್ಷರದ ಕೆಲಸ. ಹಾಕಿದರೆ ಎನ್‌ವಿಡಿಎ ತಾನೇ ಇ-ಸ್ಪೀಕ್‌ನ ಕನ್ನಡಕ್ಕೆ ಹೊರಳುತ್ತದೆ. ಸಿದ್ಧ ಮಾದರಿ ನಕಲು ಮಾಡಿ ‘ಭಾಷೆ: ಇಂಗ್ಲಿಷ್’ ಎಂದೇ ಬಿಟ್ಟ ಕನ್ನಡ ಪುಟಗಳಿಗೆ ಲೆಕ್ಕವಿಲ್ಲ.

ಪಿಡಿಎಫ್ ಮತ್ತು ಸಾದಾ ಪುಟದ ನಡುವೆ ನನ್ನ ಮತ ಸಾದಾ ಪುಟಕ್ಕೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಫೋಟೊಗೆ ಸಮ. ಯೂನಿಕೋಡ್‌ನಿಂದ ಮಾಡಿದ್ದೂ ಎಷ್ಟೋ ಸಲ ಒತ್ತಕ್ಷರ ಚದುರಿಸಿಕೊಂಡು ಬರುತ್ತದೆ. ಮುದ್ರಣಕ್ಕೆ ಪಿಡಿಎಫ್ ಬೇಕೇ ಬೇಕೆಂದರೆ ಪಕ್ಕದಲ್ಲೇ ವರ್ಡ್ ಕಡತವನ್ನೂ ಇಡಿ.

ತಲೆಬರಹದ ಮಾತು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾನು ಹೊಸ ಪುಟಕ್ಕೆ ಹೋದೊಡನೆ ಎಚ್ ಕೀಲಿ ಒತ್ತುತ್ತೇನೆ. ಒತ್ತಿದಷ್ಟು ಸಲ ಒಂದೊಂದು ತಲೆಬರಹಕ್ಕೆ ಹಾರುತ್ತದೆ. ಕೆ ಒತ್ತಿದರೆ ಕೊಂಡಿ, ಟಿ ಒತ್ತಿದರೆ ಕೋಷ್ಟಕ, ಬಿ ಒತ್ತಿದರೆ ಗುಂಡಿ. ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರನ್ನು ಆಗಾಗ ಕೇಳಿ ದಾಖಲಿಸುತ್ತದೆ. ಉದ್ದದ ಪುಟದಲ್ಲಿ ಬೇಕಾದ್ದನ್ನು ಹುಡುಕಲು ಮೊದಲು ತಲೆಬರಹಗಳನ್ನೇ ಹಿಡಿಯುತ್ತೇವೆ ಎಂದವರು ಹತ್ತರಲ್ಲಿ ಏಳು ಮಂದಿ. ಅಡಿಕೆ ತೋಟದ ಕಾಲುದಾರಿಯ ಹಾಗೆ ಅದು. ದಾರಿ ಕಡಿದಿಟ್ಟಿದ್ದರೆ ಎರಡು ನಿಮಿಷಕ್ಕೆ ಆಚೆ ತಲುಪುತ್ತೀರಿ, ಇಲ್ಲದಿದ್ದರೆ ಪ್ರತಿ ಮರ ಮುಟ್ಟಿಕೊಂಡು ಹೋಗಬೇಕು. ಅಕ್ಷರ ದೊಡ್ಡದು ಮಾಡಿ ಬಣ್ಣ ಹಚ್ಚಿದ್ದು ತಲೆಬರಹವಲ್ಲ. ವರ್ಡ್‌ನಲ್ಲಾದರೆ ಕಂಟ್ರೋಲ್, ಆಲ್ಟ್, 1. ವೆಬ್ ಪುಟದಲ್ಲಾದರೆ ಅದಕ್ಕಿರುವ ಟ್ಯಾಗ್. ಹೆಚ್ಚುವರಿ ಖರ್ಚು ಒಂದು ಪೈಸೆ ಇಲ್ಲ.

ಹೋಂಸ್ಟೇ ನಡೆಸುವವರಿಗೆ ದಿನಾಂಕದ ಸಮಸ್ಯೆ. ಗೋಕರ್ಣದ ಕಡೆಯ ಒಂದು ವಸತಿಗೆ ನಾನೇ ಕೋಣೆ ಕಾದಿರಿಸಲು ಹೋಗಿದ್ದೆ. ಚಂದದ ತಿಂಗಳ ಪಟವಂತೆ, ದಿನ ಒತ್ತಿದರೆ ಹೂವಿನಂತೆ ಅರಳುತ್ತದಂತೆ. ನನಗೆ ಕೇಳಿದ್ದು ‘ಕ್ಲಿಕ್ ಮಾಡಬಹುದಾದ, ಕ್ಲಿಕ್ ಮಾಡಬಹುದಾದ, ಕ್ಲಿಕ್ ಮಾಡಬಹುದಾದ’. ಯಾವ ದಿನ, ಖಾಲಿಯೋ ಭರ್ತಿಯೋ, ಏನೂ ಇಲ್ಲ. ಹದಿನೈದು ನಿಮಿಷ ಗುದ್ದಾಡಿ ಕೊನೆಗೆ ಫೋನ್ ಮಾಡಿದೆ. ಅದರ ಜಾಗದಲ್ಲಿ ದಿನ, ತಿಂಗಳು, ವರ್ಷ ಎಂದು ಹೆಸರು ಬರೆದ ಮೂರು ಸಾದಾ ಪೆಟ್ಟಿಗೆ ಇದ್ದಿದ್ದರೆ ಹತ್ತು ಸೆಕೆಂಡು. ಗುಂಡಿ ಬೇಕಾದಲ್ಲಿ ಬ್ರೌಸರ್ ತಾನೇ ಕೊಡುವ ಗುಂಡಿಯನ್ನೇ ಬಳಸಿ. ಅದಕ್ಕೆ ಟ್ಯಾಬ್ ಗೊತ್ತು, ಎಂಟರ್ ಗೊತ್ತು, ‘ನಾನು ಗುಂಡಿ’ ಎಂದು ಹೇಳಿಕೊಳ್ಳಲೂ ಗೊತ್ತು. ಬಣ್ಣದ ಚೌಕಕ್ಕೆ ಗುಂಡಿಯ ವೇಷ ಹಾಕಿ, ಮೇಲೆ ಅರಿಯಾ ಎಂಬ ಗುರುತುಪಟ್ಟಿ ಹಚ್ಚಿ ಸರಿಪಡಿಸಬಹುದು ನಿಜ. ಆದರೆ ಅರಿಯಾದ ಮೊದಲ ನಿಯಮವೇ, ಸಾದಾ ಅಂಶ ಇದ್ದಲ್ಲಿ ನನ್ನನ್ನು ಬಳಸಬೇಡಿ ಎಂಬುದು.

ಚಿತ್ರದ ವಿವರಣೆಗೆ ಕಾರವಾರದ ಟ್ಯಾಗೋರ್ ಕಡಲತೀರದ ಒಂದು ಫೋಟೊ ಹಿಡಿಯೋಣ. ‘ಐಎಂಜಿ 2047’ ಎಂದು ಬಿಡುವುದು ಒಂದು. ‘ಸುಂದರ ಬೀಚ್’ ಎನ್ನುವುದು ಇನ್ನೊಂದು. ಸುಂದರವೋ ಅಲ್ಲವೋ ನಾನು ತೀರ್ಮಾನಿಸುತ್ತೇನೆ, ಏನಿದೆ ಹೇಳಿ ಸಾಕು. ‘ಸಂಜೆಯ ಕಡಲತೀರ, ದಂಡೆಗೆ ಎಳೆದಿಟ್ಟ ಎರಡು ದೋಣಿ, ಹಿಂದೆ ದ್ವೀಪದ ಗುಡ್ಡ’ ಎಂಬುದು ಮೂರನೆಯದು. ಮೂರನೆಯದು ಬರೆಯಲು ಅರ್ಧ ನಿಮಿಷ. ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಮಾತ್ರ ವಿವರಣೆಯ ಜಾಗ ಬೇಕೆಂದೇ ಖಾಲಿ ಬಿಡಿ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ.

ಕೊಂಡಿಗಳಿಗೆ ‘ಇಲ್ಲಿ ಒತ್ತಿ’ ಎನ್ನಬೇಡಿ. ಕೊಂಡಿಗಳ ಪಟ್ಟಿ ತೆಗೆದರೆ ಇಪ್ಪತ್ತು ‘ಇಲ್ಲಿ ಒತ್ತಿ’ ಸಾಲಾಗಿ ನಿಂತಿರುತ್ತವೆ. ಡೊಂಕು ಅಕ್ಷರದ ಕ್ಯಾಪ್ಚಾ ಹಾಕಬೇಡಿ. ಹಾಕಲೇಬೇಕಾದರೆ ಕೇಳಿ ಉತ್ತರಿಸುವ ದಾರಿಯೂ ಇರಲಿ. ಒಟಿಪಿಗೆ 30 ಸೆಕೆಂಡು ಕೊಟ್ಟರೆ ಮೆಸೇಜಿಗೆ ಹೋಗಿ ಕೇಳಿ ವಾಪಸು ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಇನ್ನು, ‘ಒಂದು ಸಾಲು ಕೋಡ್ ಸೇರಿಸಿ, ನಿಮ್ಮ ಸೈಟು ಅಂಗವಿಕಲಸ್ನೇಹಿ’ ಎಂದು ಮಾರುವ ಓವರ್‌ಲೇ ಎಂಬ ಮೇಲುಹೊದಿಕೆಗಳಿವೆ. ಸೋರುವ ಮಾಡಿಗೆ ಬಣ್ಣ ಬಳಿದ ಹಾಗೆ. ಇಂಥ ಪ್ರಚಾರ ಮಾಡಿದ್ದಕ್ಕೆ ಆಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ತೆರುವಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಆ ದುಡ್ಡನ್ನು ತಲೆಬರಹ ಸರಿಪಡಿಸುವ ಹುಡುಗಿಗೆ ಕೊಡಿ.

ಇದೆಲ್ಲ ದಯೆಯ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಮಾಹಿತಿ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ‘ಕಣ್ಣು ಮಿಟುಕಿಸಿ’ ಎಂದು ಕೇಳುವ ಕೆವೈಸಿಗೆ ಬೇರೆ ದಾರಿ ಕೊಡಬೇಕೆಂದೂ ಹೇಳಿತು.

ಮಾತೇ ಆಗಬೇಕೆಂದಿಲ್ಲ

ಮಾತು, ಸದ್ದು, ಕಂಪನ, ಬ್ರೈಲ್: ಕಣ್ಣಿಲ್ಲದೆ ಸುದ್ದಿ ಮುಟ್ಟಿಸಲು ನಾಲ್ಕು ದಾರಿ. ವಿನ್ಯಾಸ ಮಾಡುವವರು ಎಲ್ಲವನ್ನೂ ಮಾತಿಗೇ ಸುರಿಯುತ್ತಾರೆ. ನಮ್ಮೂರಿನವರಿಗೆ ಇದಕ್ಕಿಂತ ಒಳ್ಳೆಯದು ಗೊತ್ತಿದೆ. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಅವನು ‘ಚಾಲಕರೇ, ಪ್ರಯಾಣಿಕರು ಇಳಿಯುವವರಿದ್ದಾರೆ’ ಎಂದು ಕೂಗಲು ಹೊರಟರೆ ಕುಮಟೆ ದಾಟಿ ಹೊನ್ನಾವರ ಬಂದಿರುತ್ತದೆ. ಕರಾವಳಿಯ ಕೇರಿಗಳಲ್ಲಿ ಬೆಳಗ್ಗೆ ಮೀನಿನವನ ಹಾರ್ನು ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ. ಬಸಳೆ ಸೊಪ್ಪಿನವನ ಹಾರ್ನು ಬೇರೆ ಎಂದು ಕೇರಿಯ ಬೆಕ್ಕಿಗೂ ಗೊತ್ತು.

ಎನ್‌ವಿಡಿಎ ಇದನ್ನು ಅಲ್ಲಲ್ಲಿ ಚೆನ್ನಾಗಿ ಮಾಡಿದೆ. ಕಡತ ಇಳಿಯುವಾಗ ಬೀಪ್ ಸದ್ದು ತಗ್ಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ, ಶ್ರುತಿಪೆಟ್ಟಿಗೆಯ ಪಟ್ಟಿ ಒಂದೊಂದಾಗಿ ಒತ್ತಿದ ಹಾಗೆ. ಬೇರೆ ಕೆಲಸ ಮಾಡುತ್ತಲೇ ಎಷ್ಟು ಬಂತು ಎಂದು ಅಂದಾಜು ಸಿಗುತ್ತದೆ. ಓದುವ ಸ್ಥಿತಿಯಿಂದ ಟೈಪ್ ಮಾಡುವ ಸ್ಥಿತಿಗೆ ಹೊರಳಿದಾಗ ಒಂದು ಪುಟ್ಟ ಸದ್ದು, ವಾಪಸು ಬಂದಾಗ ಇನ್ನೊಂದು. ಕೋಡ್ ಬರೆಯುವವರಿಗೆ ಸಾಲು ಎಷ್ಟು ಒಳಸರಿದಿದೆ ಎಂಬುದನ್ನು ಸ್ವರದಲ್ಲೇ ಕೇಳಿಸಲು ಬರುತ್ತದೆ. ಮತ್ತೆ ಮತ್ತೆ ಆಗುವ ಚಿಕ್ಕ ಘಟನೆಗೆ ಸದ್ದು, ಒಮ್ಮೆ ಆಗುವ ಮುಖ್ಯ ಸಂಗತಿಗೆ ಮಾತು, ಸಭೆಯಲ್ಲೋ ಸಾವಿನ ಮನೆಯಲ್ಲೋ ಇದ್ದಾಗ ಕಂಪನ. ಹೆಸರಿನ ಕಾಗುಣಿತ ನೋಡಬೇಕಾದಾಗ ಬ್ರೈಲ್. ‘ಶಾಂತಾ’ಳೋ ‘ಶಾಂತ’ನೋ ಕಿವಿ ಖಾತ್ರಿ ಕೊಡುವುದಿಲ್ಲ, ಬೆರಳು ಕೊಡುತ್ತದೆ. ಬ್ರೈಲ್ ಚುಕ್ಕಿಗಳನ್ನು ಏರಿಸಿ ಇಳಿಸುವ ಯಂತ್ರಗಳ ಬೆಲೆ ಮಾತ್ರ ಇನ್ನೂ ಬಡವರ ಮಾತಲ್ಲ.

ಪುಟದಲ್ಲಿ ತಾನಾಗಿ ಬದಲಾಗುವ ಸುದ್ದಿಗೆ ಎರಡು ಆಯ್ಕೆ ಇದೆ. ಓದುತ್ತಿರುವುದು ಮುಗಿದ ಮೇಲೆ ಹೇಳುವುದು ಒಂದು, ಮಧ್ಯೆ ಬಾಯಿ ಹಾಕುವುದು ಇನ್ನೊಂದು. ‘ನಿಮ್ಮ ಅರ್ಜಿ ಉಳಿಯಿತು’ ಎಂಬುದಕ್ಕೆ ಮೊದಲನೆಯದು. ‘ಇನ್ನು ಒಂದು ನಿಮಿಷಕ್ಕೆ ಲಾಗೌಟ್’ ಎಂಬುದಕ್ಕೆ ಎರಡನೆಯದು. ಕ್ರಿಕೆಟ್ ಸ್ಕೋರಿಗೆ ಎರಡನೆಯದನ್ನು ಹಾಕಿದವರ ಸೈಟಿಗೆ ನಾನು ಮತ್ತೆ ಹೋಗಿಲ್ಲ.

ಕಟ್ಟಿದ್ದನ್ನು ಪರೀಕ್ಷಿಸಲು ತಜ್ಞರು ಬೇಕಿಲ್ಲ. ಎನ್‌ವಿಡಿಎ ಇಳಿಸಿಕೊಳ್ಳಿ, ಅದರ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಕರ್ಟನ್ ಆನ್ ಮಾಡಿ, ಪರದೆ ಪೂರ್ತಿ ಕಪ್ಪಾಗುತ್ತದೆ. ಮೌಸ್ ಮೇಜಿನ ಖಾನೆಗೆ. ಈಗ ನಿಮ್ಮ ಸೈಟಿನಲ್ಲಿ ಇವತ್ತಿನ ಚಾಲಿ ದರ ಹುಡುಕಿ, ಎಷ್ಟು ಕೀಲಿ ಒತ್ತಿದಿರಿ ಎಣಿಸಿ. ಹತ್ತರೊಳಗೆ ಸಿಕ್ಕಿದರೆ ಒಳ್ಳೆಯ ಸೈಟು. ನಲವತ್ತು ದಾಟಿದರೆ ತಲೆಬರಹದಿಂದ ರಿಪೇರಿ ಶುರುಮಾಡಿ.

ಅಂದಹಾಗೆ, ಫೋಟೊ ಹಾಕುವ ಗುಂಪಿನವರಿಗೆ ನಾನು ಹೇಳಿ ಹೇಳಿ ಈಚೆಗೆ ಫೋಟೊದ ಕೆಳಗೆ ಒಂದು ಸಾಲು ಬರೆಯುತ್ತಿದ್ದಾರೆ. ಚಾಲಿ ಬರೆಯುತ್ತಾರೆ, ರಾಶಿ ಬರೆಯುತ್ತಾರೆ, ‘ಉಳಿದದ್ದು ಫೋಟೊದಲ್ಲಿ ನೋಡಿ’ ಎನ್ನುತ್ತಾರೆ. ಬೆಟ್ಟೆಗೆ ಇನ್ನೂ ಆ ಸೋಮಾರಿ ಹುಡುಗನೇ ಗತಿ.